ಓಡು ಹಕ್ಕಿಯ ಕಾವಲು

ನಾನು ಬೆಳೆದದ್ದು ಗುಡವಿ ಕೆರೆಯ ಪಕ್ಕದ ಊರಿನಲ್ಲಿ. ಅಲ್ಲಿ ಹಕ್ಕಿಗಳನ್ನು ಹುಡುಕಬೇಕಿರಲಿಲ್ಲ. ಮಳೆಗಾಲ ಹಿಡಿಯಿತೆಂದರೆ ಕೆರೆಯ ಮರಗಳೆಲ್ಲ ಹಕ್ಕಿಗಳಿಂದ ಬೆಳ್ಳಗಾಗಿ, ಅವುಗಳ ಗಲಾಟೆಗೆ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಹಾಗಾಗಿ ಫಾರೆಸ್ಟ್ ಗಾರ್ಡ್ ಕೆಲಸ ಸಿಕ್ಕಿ, ಶಿಕಾರಿಪುರದ ಮೂಡಲಿಗೆ ಬಯಲುಸೀಮೆ ಶುರುವಾಗುವ ಕಡೆಯ ಹುಲ್ಲುಗಾವಲಿಗೆ ನನ್ನನ್ನು ಹಾಕಿದಾಗ ನಿರಾಸೆಯಾಯಿತು. ನೆಲದ ಮೇಲೆ ಮೊಟ್ಟೆಯಿಡುವ, ಈಗ ಕಾಣುವುದೇ ಅಪರೂಪವಾದ ಹಕ್ಕಿಗಳಿಗೆಂದು ಕಾದಿಟ್ಟ ಜಾಗ ಅದು. ಎರಡು ತಿಂಗಳು ಸುತ್ತಿದರೂ ನನಗೆ ಕಂಡದ್ದು ಕಲ್ಲು, ಒಣಹುಲ್ಲು ಮತ್ತು ದಿನವೂ ಕುರಿ ಹೊಡೆದುಕೊಂಡು ಒಳಗೆ ಬರುವ ಒಬ್ಬ ಹೆಂಗಸು.

ಕುರಿ ಬಿಡಬಾರದೆಂದು ಎಷ್ಟೋ ಸಲ ಹೇಳಿದ್ದೆ. ತಲೆಯಾಡಿಸಿ ಮರುದಿನ ಮತ್ತೆ ಬರುತ್ತಿದ್ದಳು. ಬೇಸಿಗೆಯ ಒಂದು ಬೆಳಿಗ್ಗೆ ಸಿಟ್ಟು ತಡೆಯದೆ ನೇರ ಅವಳತ್ತ ನಡೆದೆ. ದೂರದಿಂದಲೇ ಕೋಲು ಅಡ್ಡ ಹಿಡಿದಳು.

“ಅಲ್ಲೇ ನಿಂದರ್ರಿ ಮೇಡಮ್ಮಾರೆ. ಕಾಲ ಬುಡಕ್ಕ ನೋಡ್ರಿ.”

ನನ್ನ ಬೂಟಿನಿಂದ ಒಂದು ಗೇಣು ಮುಂದೆ, ಬರಿ ನೆಲದ ಮೇಲೆ ಮೂರು ಮೊಟ್ಟೆಗಳಿದ್ದವು. ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣ. ಅವಳು ನನ್ನನ್ನು ಹಿಂದಕ್ಕೆ ಕರೆದು ಎಲಚಿ ಗಿಡದ ಮರೆಯಲ್ಲಿ ಕೂರಿಸಿದಳು. ತುಸು ಹೊತ್ತಿಗೆ ಉದ್ದ ಕಾಲಿನ ಕಂದು ಹಕ್ಕಿಯೊಂದು ನಾಲ್ಕು ಹೆಜ್ಜೆ ಓಡಿ, ನಿಂತು, ಮತ್ತೆ ಓಡಿ ಬಂದು ಮೊಟ್ಟೆಗಳ ಮೇಲೆ ಕೂತಿತು. ಅವರ ಮನೆಯಲ್ಲಿ ಅದನ್ನು ಓಡು ಹಕ್ಕಿ ಎನ್ನುತ್ತಾರಂತೆ. ಹತ್ತು ದಿನದಿಂದ ಅವಳು ಕುರಿಗಳನ್ನು ಆ ಜಾಗ ಬಿಟ್ಟು ಸುತ್ತುಬಳಸಿಯೇ ಹೊಡೆಯುತ್ತಿದ್ದಳಂತೆ.

ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದೆ.

“ನೀವು ಬರೀ ಹೊರಗ್ ನಡಿ ಅಂತಿದ್ರಿ. ಕೇಳಿದ್ರ ಹೇಳ್ತಿದ್ನಲ್ರೀ.”

ನನಗೆ ನಾಚಿಕೆಯಾಯಿತು. ಅಲ್ಲೇ ಕೂತು ಮಾತಾಡಿಕೊಂಡೆವು. ಮರಿ ಹೊರಬರುವವರೆಗೆ ಅವಳು ಕುರಿಗಳನ್ನು ಪಡುವಣ ಬದುವಿನಾಚೆ ಮೇಯಿಸಿ, ತನ್ನ ನಾಯಿಗಳನ್ನು ಮನೆಯಲ್ಲೇ ಕಟ್ಟಿಹಾಕುವುದು. ಊರಿನ ಬೀದಿನಾಯಿಗಳನ್ನು ನಾನು ಓಡಿಸುವುದು. ನಮ್ಮ ಸಾಹೇಬರಿಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನನ್ನ ಗಸ್ತಿನ ಡೈರಿಯನ್ನೊಮ್ಮೆ ತಿರುವಿ, ಹಾಗೇ ಆಗಲಿ ಎಂದರು.

ಆಮೇಲಿನ ದಿನಗಳಲ್ಲಿ ದಿನಾ ಆ ಗಿಡದ ಹತ್ತಿರ ಬಂದು ಕೂರುತ್ತಿದ್ದೆ. ನಡು ಬಿಸಿಲಲ್ಲಿ ಹಕ್ಕಿ ರೆಕ್ಕೆ ಸಡಿಲಿಸಿ ಮೊಟ್ಟೆಗಳಿಗೆ ನೆರಳಾಗಿ ನಿಲ್ಲುವುದನ್ನು ಕಂಡೆ. ಒಂದು ಮೊಟ್ಟೆ ಒಡೆಯಲೇ ಇಲ್ಲ. ಉಳಿದೆರಡರಿಂದ ಬಂದ ಮರಿಗಳು ಬಲು ಬೇಗ ತಾಯಿಯ ಹಿಂದೆ ಓಡತೊಡಗಿದವು. ಅವು ನಿಂತರೆ ನನಗೆ ಕಾಣುತ್ತಲೇ ಇರಲಿಲ್ಲ. ನೋಡಲು ಬಂದ ಅವಳೇ ಕೋಲಿನಿಂದ ತೋರಿಸಬೇಕಿತ್ತು.

ಮರಿಗಳನ್ನು ಮೊದಲು ಕಂಡ ದಿನ ಅವಳು ಬುತ್ತಿ ಬಿಚ್ಚಿ ನನ್ನ ಕೈಗೂ ಎರಡು ರೊಟ್ಟಿ, ಶೇಂಗಾ ಚಟ್ನಿ ಹಾಕಿದಳು. ಅಲ್ಲೇ ನೆಲದ ಮೇಲೆ ಕೂತು ತಿಂದೆವು.