ಸೊಂಟದ ಮೇಲಿನ ಫೋಟೋಗಳು

ಸಂಗೀತ ಸಭೆಯಲ್ಲಿ ಕೂತು ನಿದ್ದೆ ಮಾಡುವುದೂ ಒಂದು ವಿದ್ಯೆ. ಗೊರಕೆ ಬರಬಾರದು, ಬಾಯಿ ತೆರೆಯಬಾರದು, ತಲೆ ಪಕ್ಕದವರ ಹೆಗಲಿಗೆ ವಾಲಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಚಪ್ಪಾಳೆ ಶುರುವಾದ ಕೂಡಲೇ ಕೈಗಳು ತಾವಾಗಿ ಎದ್ದು ಬಡಿಯಬೇಕು. ಈ ವಿದ್ಯೆ ಅವಳಿಗೆ ಚೆನ್ನಾಗಿಯೇ ಸಿದ್ಧಿಸಿತ್ತು. ಒಮ್ಮೊಮ್ಮೆ ಮಾತ್ರ ಎಡವಟ್ಟಾಗುತ್ತಿತ್ತು. ವಾದ್ಯದವರು ಒಂದು ಭಾಗ ಮುಗಿಸಿ ಇನ್ನೊಂದಕ್ಕೆ ಮುಂಚೆ ಸುಮ್ಮನೆ ನಿಂತಾಗ, ಇಡೀ ಸಭಾಂಗಣ ಉಸಿರು ಬಿಗಿಹಿಡಿದು ಕೂತಾಗ, ಅವಳೊಬ್ಬಳೇ ಪಟಪಟನೆ ಚಪ್ಪಾಳೆ ತಟ್ಟಿಬಿಡುತ್ತಿದ್ದಳು. ಆಗ ಪಕ್ಕದ ಗಾಲಿಕುರ್ಚಿಯಿಂದ ಸುರುಳಿ ಸುತ್ತಿದ ಕಾರ್ಯಕ್ರಮದ ಕಾಗದವೊಂದು ಬಂದು ಅವಳ ಮೊಣಕೈಗೆ ತಿವಿಯುತ್ತಿತ್ತು.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಯಾರಾದರೂ ನಕ್ಕಾರು. ನಗಲಿ. ಬೆಳಗಿನಿಂದ ಉತ್ತು ಬಂದ ಕೋಣಕ್ಕೆ ಕಿನ್ನರಿ ಕೇಳಿಸಿದರೆ ಅದು ನಿದ್ದೆ ಮಾಡದೆ ಇನ್ನೇನು ಮಾಡೀತು?

ಗಾಲಿಕುರ್ಚಿಯಲ್ಲಿ ಕೂರುತ್ತಿದ್ದವರು ಅವಳ ಯಜಮಾನಿ. ಎದುರಿಗೆ ಅಮ್ಮಾವ್ರೇ ಎಂದು ಕರೆದರೂ ಮನಸ್ಸಿನಲ್ಲಿ ಅವಳು ಅವರಿಗೆ ಇಟ್ಟಿದ್ದ ಹೆಸರು ದೊರೆಸಾನಿ. ಒಂದು ಕಾಲದಲ್ಲಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು; ಸೊಂಟ ಮುರಿದು ಕೂತ ಮೇಲೂ ನಾಟಕ, ಸಂಗೀತ, ಚಿತ್ರಪ್ರದರ್ಶನ ಯಾವುದನ್ನೂ ಬಿಟ್ಟವರಲ್ಲ. ಅವರನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಊಟ ಬಡಿಸಿ, ಹೋದಲ್ಲೆಲ್ಲ ತಳ್ಳಿಕೊಂಡು ಹೋಗುವುದು ಅವಳ ಕೆಲಸ. ಅದಕ್ಕಾಗಿಯೇ ಅವಳು ತನ್ನ ದೇಶ ಬಿಟ್ಟು ಈ ಮಹಾನಗರಕ್ಕೆ ಬಂದಿದ್ದಳು. ಗಂಡ ತೀರಿಕೊಂಡಾಗ ಮಗಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಅವಳನ್ನು ಅಕ್ಕನ ಮಡಿಲಿಗೆ ಹಾಕಿ ವಿಮಾನ ಹತ್ತಿದವಳು, ಮಗಳ ಮದುವೆಗೊಮ್ಮೆ ನೆಂಟರ ಹಾಗೆ ಹೋಗಿ ಬಂದಿದ್ದಳು.

ಇಷ್ಟು ವರ್ಷ ಇದ್ದೂ ಅವಳು ಆ ನಗರವನ್ನು ತನ್ನದೇ ರೀತಿಯಲ್ಲಿ ತಿಳಿದಿದ್ದಳು. ಯಾವ ರಂಗಮಂದಿರದ ಇಳಿಜಾರು ದಾರಿ ಕಡಿದು, ಯಾವ ಸಭಾಂಗಣದ ಲಿಫ್ಟ್ ಬಾಗಿಲು ಬೇಗ ಮುಚ್ಚುತ್ತದೆ, ಯಾವ ಕಟ್ಟಡದ ಶೌಚಾಲಯದಲ್ಲಿ ಗಾಲಿಕುರ್ಚಿ ತಿರುಗಿಸಲು ಜಾಗವಿದೆ, ಇವೆಲ್ಲ ಅವಳಿಗೆ ಬಾಯಿಪಾಠ. ಚಿತ್ರಶಾಲೆಯಲ್ಲಿ ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಳಗಿನ ಕೋಣೆಯಲ್ಲಿದ್ದ ಕಡಲಿನ ದೊಡ್ಡ ಚಿತ್ರ. ಕಡಲು ಚೆನ್ನಾಗಿತ್ತೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಅದರ ಎದುರಿಗೆ ಒಂದು ಬೆಂಚಿತ್ತು.

ಫೋಟೋ ತೆಗೆಯುತ್ತಿದ್ದವರು ದೊರೆಸಾನಿಯೇ. ಚಿತ್ರಕಲೆಯ ಮೇಷ್ಟರಲ್ಲವೇ, ಆ ಚಪಲ ಎಲ್ಲಿ ಹೋದೀತು?

"ಆ ಕಂಬದ ಹತ್ರ ನಿಂತ್ಕೋ. ಗಲ್ಲ ಸ್ವಲ್ಪ ಮೇಲೆ. ಹಾಂ, ಈಗ ನಗು."

"ಸೊಂಟದಿಂದ ಮೇಲಕ್ಕೆ ಮಾತ್ರ ತೆಗೀರಿ ಅಮ್ಮಾವ್ರೇ. ಶೂ ಬೀಳೋದು ಬೇಡ," ಎನ್ನುತ್ತಿದ್ದಳು ಅವಳು. ಕೆಲಸದ ಆ ಶೂಗಳು ಪಕ್ಕಕ್ಕೆ ಹರಡಿ ಕಪ್ಪೆಯಂತಾಗಿದ್ದವು. ಕುತ್ತಿಗೆಗೆ ದೊರೆಸಾನಿ ಹಳೆಯದೆಂದು ಕೊಟ್ಟ ರೇಷ್ಮೆ ವಸ್ತ್ರ, ಹಿಂದೆ ಅಮೃತಶಿಲೆಯ ಕಂಬ, ಮುಖದಲ್ಲಿ ನಗು. ಫೋಟೋ ತೆಗೆಯುವವರು ಫೋಟೋದಲ್ಲಿ ಬೀಳುವುದಿಲ್ಲವಾದ್ದರಿಂದ ಗಾಲಿಕುರ್ಚಿಯೂ ಬೀಳುತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಹಾಗೆ. ಆ ಫೋಟೋಗಳನ್ನು ಅವಳು ಮಗಳಿಗೆ ಕಳಿಸುತ್ತಿದ್ದಳು. ಅಮ್ಮ ಪರದೇಶದಲ್ಲಿ ಒದ್ದಾಡುತ್ತಿದ್ದಾಳೆ ಎಂದು ಕೂಸು ಕೊರಗದಿರಲಿ ಎಂಬುದಷ್ಟೇ ಅವಳ ಉದ್ದೇಶ. ಒಂದೇ ಒಂದು ಸುಳ್ಳನ್ನೂ ಅವಳು ಬಾಯಿಬಿಟ್ಟು ಹೇಳಲಿಲ್ಲ; ಒಬ್ಬ ಅಜ್ಜಿಯ ಜೊತೆಗಿದ್ದೇನೆ ಎಂದಷ್ಟೇ ಹೇಳಿದ್ದಳು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಆ ಬೆಟ್ಟವನ್ನು ತಾನೇ ಕೂತು ನುಣ್ಣಗೆ ಉಜ್ಜಿ ಕಳಿಸುವ ಹುಚ್ಚು ಪರದೇಶದಲ್ಲಿ ದುಡಿಯುವವರಿಗೆ ಮಾತ್ರ ಇರುತ್ತದೆ.

ಮಗಳು ಬಸುರಿಯಾದ ಸುದ್ದಿ ಬಂದಾಗ ಅವಳು ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅತ್ತಳು. ಖುಷಿಗೆ. ಹೆರಿಗೆಗೆ ಹೋಗಲೇಬೇಕು ಎಂದು ಅಲ್ಲೇ ನಿಶ್ಚಯಿಸಿದಳು. ಶಾಲೆಗೆ ಜಡೆ ಹಾಕಿ ಕಳಿಸಲಿಲ್ಲ, ಜ್ವರ ಬಂದಾಗ ಪಕ್ಕದಲ್ಲಿರಲಿಲ್ಲ, ಇದೊಂದಕ್ಕಾದರೂ ತಾನಿರಬೇಕು. ಆದರೆ ತಾನಾಗಿ ಬರುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. ಬಿಟ್ಟು ಹೋದವಳಿಗೆ ಯಾವ ಹಕ್ಕು? ಮಗಳೇ ಕರೆಯಲಿ ಎಂದು ಕಾದಳು. ತಿಂಗಳುಗಳು ಕಳೆದವು. ಫೋನಿನಲ್ಲಿ ಮಗಳು ವಾಂತಿ, ನಿದ್ದೆ, ಡಾಕ್ಟರು ಎಲ್ಲ ಹೇಳುತ್ತಿದ್ದಳು, ಬಾ ಎಂದು ಮಾತ್ರ ಹೇಳುತ್ತಿರಲಿಲ್ಲ.

ಕೊನೆಗೆ ಒಂದು ಭಾನುವಾರ ತರಕಾರಿ ಹೆಚ್ಚುತ್ತ ಅವಳೇ ಬಾಯಿಬಿಟ್ಟಳು.

"ಹೆರಿಗೆಗೆ ಯಾರಿರ್ತಾರೆ ಜೊತೇಲಿ?"

"ಅತ್ತೆ ಇದ್ದಾರಲ್ಲಮ್ಮ, ಅವರೇ ನೋಡ್ಕೋತಾರೆ. ನೀನ್ಯಾಕೆ ಅಲ್ಲಿಂದ ಓಡಿ ಬರ್ತೀಯ? ಅಲ್ಲಿ ನಾಟಕ, ಸಂಗೀತ ಅಂತ ಆರಾಮಾಗಿದ್ದೀಯ. ಇಲ್ಲಿಗೆ ಬಂದು ಬಟ್ಟೆ ಒಗೆದು, ರಾತ್ರಿಯೆಲ್ಲ ನಿದ್ದೆಗೆಟ್ಟು... ನಿಂಗೆ ಅಭ್ಯಾಸ ತಪ್ಪಿಹೋಗಿದೆ."

ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು. ಮಗಳು ನಿಜವಾಗಿಯೂ ಹಾಗೇ ನಂಬಿದ್ದಳು. ಅಭ್ಯಾಸ ತಪ್ಪಿದೆಯಂತೆ! ಅವಳು ಚಾಕು ಕೆಳಗಿಟ್ಟು, "ಹೌದು ಕಣೇ, ಅದೂ ನಿಜ," ಎಂದಳು. ಮಾಡಿದ್ದುಣ್ಣೋ ಮಹರಾಯ.

ಮಾರನೆಯ ದಿನ ಚಿತ್ರಶಾಲೆ. ಹೊರಡುವಾಗಲೇ ಅವಳಿಗೆ ಸಾಕಾಗಿತ್ತು. ಮನೆಯ ಲಿಫ್ಟ್ ಕೆಟ್ಟಿತ್ತು. ಕಾವಲುಗಾರನ ಜೊತೆ ಸೇರಿ ಗಾಲಿಕುರ್ಚಿಯನ್ನು ಮೆಟ್ಟಿಲಿನಲ್ಲಿ ಇಳಿಸಿದ್ದಾಯಿತು. ಬಸ್ಸಿನವನು ಕುರ್ಚಿ ಹತ್ತಿಸುವ ಹಲಗೆ ಹಾಕಲು ಗೊಣಗಿದ. ಚಿತ್ರಶಾಲೆಯಲ್ಲಿ ಹೊಸ ಪ್ರದರ್ಶನ, ಕೋಣೆಯಿಂದ ಕೋಣೆಗೆ ಜನವೋ ಜನ. ಕಡಲಿನ ಚಿತ್ರದ ಬೆಂಚು ಸಿಕ್ಕಾಗ ಅವಳು ಕುಸಿದೇ ಕೂತಳು.

"ಏಳು, ಆ ಚಿತ್ರದ ಮುಂದೆ ನಿಂತ್ಕೋ. ಮಗಳಿಗೆ ಒಂದು ಫೋಟೋ ಕಳ್ಸೋಣ," ಎಂದರು ದೊರೆಸಾನಿ, ಫೋನಿಗೆ ಕೈ ಚಾಚಿ.

"ಇವತ್ತು ಬೇಡ ಅಮ್ಮಾವ್ರೇ."

ಅವಳು ಶೂ ಬಿಚ್ಚಿದಳು. ಕಾಲುಚೀಲ ಎಳೆದಳು. ಪಾದಗಳು ಊದಿ ಬನ್ನಿನಂತಾಗಿದ್ದವು, ಕಾಲುಚೀಲದ ಪಟ್ಟಿ ಹಗ್ಗ ಬಿಗಿದ ಹಾಗೆ ಗುರುತು ಮಾಡಿತ್ತು, ನರಗಳು ನೀಲಿಗಟ್ಟಿದ್ದವು. ಅವಳಿಗೇ ನೋಡಿ ಗಾಬರಿಯಾಯಿತು. ಇವೆರಡನ್ನು ಕೂತು ನೋಡಿ ಎಷ್ಟು ಕಾಲವಾಯಿತೋ. ಏನನ್ನಿಸಿತೋ ಏನೋ, ಫೋನು ತೆಗೆದು ಆ ಪಾದಗಳ ಫೋಟೋ ಹಿಡಿದು, ಒಂದಕ್ಷರವೂ ಬರೆಯದೆ ಮಗಳಿಗೆ ಕಳಿಸಿಬಿಟ್ಟಳು. ಈಗಲಾದರೂ ತಿಳಿಯುತ್ತದೆ, ಈಗ ಕರೆಯುತ್ತಾಳೆ.

ಉತ್ತರ ಬೇಗನೇ ಬಂತು.

"ಅಯ್ಯೋ ಪಾಪ, ಅಜ್ಜಿ ಕಾಲು ಹೀಗಾಗಿದೆಯಾ? ಎಷ್ಟು ನೋವಿರಬೇಕು! ಇಂಥ ಸ್ಥಿತೀಲಿ ಅವರನ್ನ ಬಿಟ್ಟು ನೀನು ಬರೋದೇ ಬೇಡ ಅಮ್ಮ. ಚೆನ್ನಾಗಿ ನೋಡ್ಕೋ."

ಅವಳು ಅದನ್ನು ಓದಿದಳು, ಮತ್ತೆ ಓದಿದಳು. ಮಗಳ ತಪ್ಪೇನು? ಇಷ್ಟು ವರ್ಷ ಅಮ್ಮ ಎಂದರೆ ಸೊಂಟದ ಮೇಲೆ ಮಾತ್ರ. ಅಮ್ಮನಿಗೆ ಕಾಲುಗಳಿವೆ ಎಂದು ಯಾರು ತೋರಿಸಿದ್ದರು? ನಗು ಬಂತು, ಹಿಂದೆಯೇ ಅಳು ಬಂತು. ಹೋಗಲಿ ಬಿಡು ಎಂದುಕೊಂಡು ಶೂ ಎತ್ತಿಕೊಂಡಳು. ಎಷ್ಟು ತುರುಕಿದರೂ ಊದಿದ ಕಾಲು ಒಳಗೆ ಹೋಗಲಿಲ್ಲ. ಆಗ ಅವಳಿಗೆ ರೇಗಿತು. ಶೂ ಮೇಲೆ, ಕಡಲಿನ ಚಿತ್ರದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಫೋಟೋಗಳಲ್ಲಿ ಆ ಕಂಬದ ಪಕ್ಕ ಗಲ್ಲ ಎತ್ತಿ ನಗುತ್ತಿದ್ದ ಹೆಂಗಸಿನ ಮೇಲೆ. ಶೂ ಅತ್ತ ಎಸೆದು ಮಗಳಿಗೆ ಫೋನು ಮಾಡಿದಳು.

"ಅದು ಅಜ್ಜಿ ಕಾಲಲ್ಲ ಕಣೇ. ನನ್ನದು."

ಮಗಳು ಬಾಯಿ ತೆರೆಯುವ ಮುಂಚೆಯೇ ಅವಳು ಮುಂದುವರಿಸಿದಳು.

"ನಾನು ಇಲ್ಲಿ ನಾಟಕ ನೋಡಲ್ಲ, ಸಂಗೀತ ಕೇಳಲ್ಲ. ನಿದ್ದೆ ಮಾಡ್ತೀನಿ. ಬೇರೆ ಕಡೆ ಕೂರೋಕೆ ಬಿಡುವಿಲ್ಲ, ಅದಕ್ಕೆ. ನಂಗೆ ಸಾಕಾಗಿದೆ ಮಗಾ. ನಿನ್ನ ಹೆರಿಗೆಗೆ ನಾನು ಬರಬೇಕು. ನೀನು ಕರೀಲಿ ಅಂತ ಎಷ್ಟು ದಿನದಿಂದ ಕಾಯ್ತಾ ಇದ್ದೀನಿ."

ಮಗಳು ಮೂಗೆಳೆದುಕೊಂಡದ್ದು ಕೇಳಿಸಿತು. "ನಾನೂ ಕಾಯ್ತಿದ್ದೆ, ನೀನೇ ಬರ್ತೀನಿ ಅಂತ ಹೇಳ್ತೀಯೇನೋ ಅಂತ. ಫೋಟೋದಲ್ಲಿ ಅಷ್ಟು ಖುಷಿಯಾಗಿರ್ತಿದ್ದೆ, ಕರೆಯೋಕೆ ಮನಸ್ಸಾಗ್ಲಿಲ್ಲ." ಸ್ವಲ್ಪ ತಡೆದು, "ಬಾ ಅಮ್ಮ. ಬಟ್ಟೆ ಗಿಟ್ಟೆ ಎಲ್ಲ ಅತ್ತೆ ನೋಡ್ಕೋತಾರೆ. ನೀನೇನೂ ಮಾಡ್ಬೇಡ. ಬಂದು ನನ್ನ ಪಕ್ಕ ಮಲ್ಕೋ, ಸಾಕು," ಎಂದಳು.

ಅವಳು ಹೂಂ ಎಂದಷ್ಟೇ ಹೇಳಿ ಫೋನಿಟ್ಟಳು.

ದೊರೆಸಾನಿಗೆ ತಾಯಿ ಮಗಳು ಆಡಿದ ಭಾಷೆ ಗೊತ್ತಿರಲಿಲ್ಲ. ಆದರೆ ನೆಲದ ಮೇಲೆ ಬಿದ್ದ ಶೂ, ಬೆಂಚಿನ ಕೆಳಗಿನ ಪಾದಗಳು ಕಣ್ಣಿಗೆ ಕಾಣುತ್ತಿದ್ದವು. ಬಹಳ ಹೊತ್ತು ಅವನ್ನೇ ನೋಡಿ, ಆಮೇಲೆ ಕಣ್ಣು ತಪ್ಪಿಸಿ ಕಡಲಿನ ಕಡೆ ತಿರುಗಿದರು.

"ಊರಿಗೆ ಹೋಗ್ತೀಯಾ?"

"ಹೋಗ್ತೀನಿ ಅಮ್ಮಾವ್ರೇ. ಮಗಳ ಹೆರಿಗೆ."

"ಮುಂದಿನ ತಿಂಗಳು ನಾಟಕದ ಟಿಕೆಟ್ ತೆಗೆದಿಟ್ಟಿದ್ದೀನಲ್ಲ."

"ಅದಕ್ಕೆ ಬೇರೆಯವರು ಬರ್ತಾರೆ."

ದೊರೆಸಾನಿ ಮಡಿಲ ಮೇಲಿನ ಕಾರ್ಯಕ್ರಮದ ಕಾಗದವನ್ನು ಸುರುಳಿ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಕೋಣೆಯ ಜನ ಕರಗುತ್ತ ಬಂದರು. "ಹೊರಡೋಣವಾ?" ಎಂದರು ಕೊನೆಗೆ.

"ಸ್ವಲ್ಪ ತಡೀರಿ," ಎಂದಳು ಅವಳು.

ಆ ಮನೆಗೆ ಬಂದಂದಿನಿಂದ ಅವಳು ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಬರಿಗಾಲನ್ನು ತಣ್ಣನೆಯ ನೆಲಕ್ಕೆ ಒತ್ತಿಕೊಂಡು ಅವಳು ಬೆಂಚಿನ ಮೇಲೆ ಕೂತೇ ಇದ್ದಳು, ದೊರೆಸಾನಿ ಪಕ್ಕದಲ್ಲಿ ಕಾದರು.