ಆನೆಗೆ ಬೆದರುವ ಕುದುರೆಗಳು

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಆ ಕೆಲಸಕ್ಕೆ ಕೈ ಹಾಕಬಾರದು. ಚೆಲುವಯ್ಯನವರು ಹಾಕಿ ಸಿಕ್ಕಿಕೊಂಡಿದ್ದರು. "ಭಾನ್ವಾರ ಬನ್ನಿಮಂಟಪದವರ ಮೇಲೆ ಆಡೋ ಟೀಮಿಗೆ ನನ್ನೂ ಸೇರಿಸ್ಕಂಡವ್ರೆ ಕಣೆ" ಎಂದು ಹೆಂಡತಿ ಪುಟ್ಟಲಿಂಗಮ್ಮನ ಮುಂದೆ ಜಂಬ ಕೊಚ್ಚಿದ್ದರು. ಆಕೆಯ ಕಿವಿಗೆ ಬಿದ್ದದ್ದು ನಲ್ಲಿಯ ಹತ್ತಿರ ಇಡೀ ಬೀದಿಗೆ ತಲುಪುತ್ತದೆ. ನಿಜಕ್ಕೂ ಅವರನ್ನು ಯಾರೂ ಸೇರಿಸಿಕೊಂಡಿರಲಿಲ್ಲ.

ಅದು ಕಂಪ್ಯೂಟರ್ ಆಟ. ೨೦೦೫ರ ಸುಮಾರಿಗೆ ಮೈಸೂರಿನ ಲಷ್ಕರ್ ಮೊಹಲ್ಲಾದ ಮಹದೇವಪ್ರಸಾದನ ಸೈಬರ್ ಸೆಂಟರಿನಲ್ಲಿ ಎಲ್ಲರಿಗೂ ಅದರ ಹುಚ್ಚು. ಕಾಲಾಳು, ಈಟಿಯವರು, ಕುದುರೆ, ಆನೆಗಳನ್ನು ಆರಿಸಿ ಪುರಾತನ ಕಾಲದ ದಂಡು ಕಟ್ಟಬೇಕು, ಎದುರಾಳಿಯ ದಂಡನ್ನು ಮುರಿಯಬೇಕು. ಪೊಲೀಸ್ ಅಶ್ವದಳದಲ್ಲಿ ತಲೆ ನರೆಯುವವರೆಗೂ ಸವಾರಿ ಮಾಡಿ ನಿವೃತ್ತರಾಗಿದ್ದ ಚೆಲುವಯ್ಯ, ಅರ್ಜಿ ಟೈಪ್ ಮಾಡಿಸಲು ಬಂದವರು, ಪರದೆಯ ಮೇಲೆ ಕುದುರೆ ಕಂಡು ಅಲ್ಲೇ ಕೂತುಬಿಟ್ಟರು.

"ನನ್ನನ್ನ ಒಂದೇ ಒಂದ್ಸಲ ಸೋಲಿಸಿ, ಟೀಮಿಗೆ ಹಾಕ್ಕೋತೀನಿ" ಎಂದಿದ್ದ ಮಹದೇವಪ್ರಸಾದ್.

ಸೋಲಿಸುವುದು ಎಲ್ಲಿಂದ ಬಂತು? ಚೆಲುವಯ್ಯನವರ ದಂಡು ಥೇಟ್ ದಸರಾ ಮೆರವಣಿಗೆ. ನಡುವೆ ಆನೆ, ಎಡಬಲಕ್ಕೆ ಕುದುರೆ. ಯುದ್ಧ ಶುರುವಾಗಿ ಆನೆಗಳು ಕದಲಿದವೋ ಇಲ್ಲವೋ, ಅವರ ಕುದುರೆಗಳೇ ಬೆದರಿ ದಿಕ್ಕಾಪಾಲಾಗುತ್ತಿದ್ದವು.

"ಸುಳ್ಳು ಆಟ ಇದು! ನನ್ನ ಕುದುರೆ ಪ್ರತಿ ದಸರಾದಲ್ಲೂ ಆನೆ ಮಗ್ಗುಲಲ್ಲೇ ನಡೀತಿತ್ತು. ಕಿವಿ ಅಲ್ಲಾಡಿಸ್ತಿರಲಿಲ್ಲ!"

"ಇವು ಮೈಸೂರು ಕುದುರೆ ಅಲ್ಲ ಕಣ್ರೀ" ಎಂದು ಮಹದೇವಪ್ರಸಾದ್ ನಗುತ್ತಿದ್ದ.

ಶುಕ್ರವಾರವೂ ಸೋತು ಬಂದು, ಮುದ್ದೆ ಮುರಿಯುತ್ತಾ ಆ ಕುದುರೆಗಳಿಗೆ ಶಾಪ ಹಾಕಿದರು. ಪುಟ್ಟಲಿಂಗಮ್ಮ ಸಾರು ಬಡಿಸುತ್ತಾ ಕೇಳಿದಳು: "ನಿಮ್ಮ ಕುದುರೆ ಮೊದಲ್ನೇ ವರ್ಷ ಆನೆ ಕಂಡು ನಿಮ್ಮನ್ನ ಕೆಡವಿರ್ಲಿಲ್ವಾ? ಬೆಲ್ಲ ತಿನ್ನಿಸಿ, ಮೈ ಸವರಿ, ತಿಂಗಳುಗಟ್ಲೆ ಆನೆ ಪಕ್ಕ ನಿಲ್ಲಿಸಿ ಕಲಿಸಿದ್ರಿ. ಪಾಪ, ಇವಕ್ಕೆ ಯಾರು ಕಲಿಸವ್ರೆ?"

ಚೆಲುವಯ್ಯನವರ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಹೌದಲ್ಲ, ಇವು ಏನೂ ಅರಿಯದ ಹಸಿ ಕುದುರೆಗಳು! ಬೈದದ್ದಕ್ಕೆ ಅವರಿಗೆ ನಾಚಿಕೆಯಾಯಿತು.

ಶನಿವಾರ ಅವರ ದಂಡಿನಲ್ಲಿ ಒಂದೂ ಆನೆಯಿರಲಿಲ್ಲ. ಮುಂದೆ ಎಸೆಯುವ ಭರ್ಜಿಯವರು, ಅವರ ಹಿಂದೆ ಒತ್ತಾಗಿ ಈಟಿಯವರು. ಕುದುರೆಗಳನ್ನು ದೂರದ ತೋಪಿನ ಮರೆಯಲ್ಲಿ ನಿಲ್ಲಿಸಿದರು. ಮಹದೇವಪ್ರಸಾದ್ ಎಂದಿನಂತೆ ಆನೆಗಳನ್ನು ಮುಂದೆ ನುಗ್ಗಿಸಿದ. ಭರ್ಜಿಗಳ ಮಳೆ ಸುರಿಯಿತು. ಗಾಯಗೊಂಡ ಆನೆಗಳು ಹುಚ್ಚೆದ್ದು ಹಿಂತಿರುಗಿ ಅವನ ಕಾಲಾಳುಗಳನ್ನೇ ತುಳಿದವು, ಅವನ ಕುದುರೆಗಳು ಚೆಲ್ಲಾಪಿಲ್ಲಿಯಾದವು.

"ಬುಡಿ ಚೆಲುವಯ್ಯನೋರೇ, ಕುದುರೆ ಬುಡಿ!" ಎಂದು ಅಂಗಡಿಯೆಲ್ಲ ಕೂಗಿತು.

ಅವರು ಅವಸರ ಮಾಡಲಿಲ್ಲ. ಆನೆಗಳು ದೂರ ಓಡಿಹೋಗಲಿ ಎಂದು ಕಾದರು. ಆಮೇಲೆ ಬಳಸುದಾರಿಯಲ್ಲಿ ಕುದುರೆಗಳನ್ನು ಮೊದಲು ನಡೆಸಿ, ಕೊನೆಯ ಮಾರುಗಳಲ್ಲಿ ಮಾತ್ರ ನಾಗಾಲೋಟಕ್ಕೆ ಬಿಟ್ಟು, ತಮ್ಮ ಈಟಿಯವರೊಂದಿಗೆ ಕಾದಾಡುತ್ತಿದ್ದವರ ಬೆನ್ನಿಗೆ ಬಿದ್ದರು. ಮಹದೇವಪ್ರಸಾದನ ದಂಡು ದಿಕ್ಕೆಟ್ಟಿತು. ಅವನು ಎದ್ದು ನಿಂತು ಅವರ ಕೈ ಹಿಡಿದುಕೊಂಡ.

"ನಾಳೆ ಹತ್ತಕ್ಕೆ ಬಂದ್ಬುಡಿ."

ಚೆಲುವಯ್ಯ ಮನೆಗೆ ನಡೆಯಲಿಲ್ಲ, ಓಡಿದರು. ಹೊಸಿಲಲ್ಲೇ, "ಲೇ, ನನ್ನೂ ಟೀಮಿಗೆ ಸೇರಿಸ್ಕಂಡ್ರು ಕಣೆ!" ಎಂದರು. ಬಾಯಿ ಬಿಟ್ಟರೆ ಬಣ್ಣಗೇಡು! ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಪುಟ್ಟಲಿಂಗಮ್ಮನಿಗೆ ನಗು ತಡೆಯಲಾಗಲಿಲ್ಲ. "ದಿನಾ ಮೊಕ ಸಣ್ಣ ಮಾಡ್ಕೊಂಡು ಬರೋವಾಗ್ಲೇ ನಂಗೊತ್ತಾಯ್ತು ಬುಡಿ. ಅದ್ಕೇ ನಾನು ಒಬ್ರಿಗೂ ಏಳಿಲ್ಲ."

ಹೆಂಡತಿಯ ಮೇಲೆ ಅವರಿಗೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು. ಅದನ್ನು ಹೇಳುವಷ್ಟರಲ್ಲಿ ಆಕೆ ಕೊಡದ ನೀರನ್ನು ಹಂಡೆಗೆ ಸುರಿದು, ಖಾಲಿ ಕೊಡ ಹಿಡಿದು ಬೀದಿಗಿಳಿದಿದ್ದಳು.

"ಎಲ್ಲಿಗೆ?"

"ನಲ್ಲಿ ತಾವಕ್ಕೆ. ಈಗ ಎಲ್ರಿಗೂ ಏಳ್ಬೇಕಲ್ಲ!"