ಸರ್, ರಿಯಲ್

ಹಿಂಜವಾಡಿ ಐಟಿ ಪಾರ್ಕಿನ ಟ್ರಾಫಿಕ್ಕಿನಲ್ಲಿ ಕ್ಯಾಬು ನಿಂತಿತ್ತು. ಪಕ್ಕದಲ್ಲಿದ್ದ ಬೆಂಗಳೂರಿನ ಸಹೋದ್ಯೋಗಿ ಸಂಜೆಯ ಆಕಾಶದ ಫೋಟೋ ತೆಗೆದು, "ಎಷ್ಟು ಸರ್ರಿಯಲ್ ಆಗಿದೆ ಅಲ್ವಾ?" ಎಂದಳು. ನಾನು ತಲೆಯಾಡಿಸಿದೆ. ಆಫೀಸಿನಲ್ಲಿ ನನ್ನ ಹೆಚ್ಚಿನ ಸಂಭಾಷಣೆ ಅಷ್ಟೇ.

ಈ ಇಂಗ್ಲಿಷ್ ವಿಶೇಷಣವನ್ನು ನೀವೂ ಕೇಳಿರುತ್ತೀರಿ. ಕೇಕು ಸರ್ರಿಯಲ್, ರಜೆ ಸಿಕ್ಕಿದ್ದೂ ಸರ್ರಿಯಲ್. ನಿಜವಾದ ಅರ್ಥ ಬೇರೆ: ಕಣ್ಣೆದುರಿಗಿದ್ದರೂ ನಿಜವೆನಿಸದ್ದು. ನಮ್ಮ ಮನೆಯ ಮಾತಿನಲ್ಲಿ, ಖರೇ ಅನಸಲಾರದ್ದು.

ಅಪ್ಪ ಹತ್ತಿರದ ನಿಗಡಿಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಇಂಗ್ಲಿಷನ್ನು ಕಿವಿಯಿಂದಲೇ ಕಲಿತವರು. ಒಮ್ಮೆ ನಾನು ಫೋನಿನಲ್ಲಿ 'ಸರ್ರಿಯಲ್' ಎಂದದ್ದು ಕೇಳಿ, "ಯಾವ ಸಾಹೇಬ್ರಿಗೆ 'ಸರ್, ರಿಯಲ್' ಅಂತ ಹೇಳಾಕತ್ತಿಯವ್ವಾ?" ಎಂದರು. ಅರ್ಥ ಬಿಡಿಸಿ ಹೇಳಿದೆ.

"ಹಂಗಾದ್ರ ಅದು ಸುಳ್ಳೇನು?"

"ಅಲ್ಲಪ್ಪಾ, ಖರೇನ. ಖರೇ ಅನಸೂದಿಲ್ಲ, ಅಷ್ಟ."

"ಅದೆಂಥಾ ಶಬ್ದವ್ವಾ! ನಂದ ಬೆಸ್ಟ್ ಅದ."

ಅಂದಿನಿಂದ ಅವರ ಬಾಯಲ್ಲಿ ಅದಕ್ಕೆ 'ಅಪ್ಪಟ ನಿಜ' ಎಂಬ ಅರ್ಥವೇ ನಿಂತಿತು. ಮನೆಗೆ ಬಂದವರಿಗೆ, "ಸರ್, ರಿಯಲ್ ಹಾಪೂಸ್ ಮಾವಿನಹಣ್ಣು ಅದಾವ್ರಿ, ತಿನ್ರಿ" ಎನ್ನುವರು. ಅಮ್ಮ ಒಳಗಿನಿಂದ, "ಸಾಕ್ ಮಾಡ್ರಿ ನಿಮ್ಮ ಇಂಗ್ಲಿಷು, ಹಣ್ಣು ಹುಳಿ ಅದಾವು" ಎನ್ನುವಳು.

ಕಳೆದ ಮಳೆಗಾಲದಲ್ಲಿ ಅಪ್ಪನಿಗೆ ಊಟ ಸೇರದಾಯಿತು. ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಉಳಿದಿರುವುದು ಕೆಲವೇ ತಿಂಗಳು ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಅಮ್ಮನಿಗೆ ಫೋನು ಮಾಡಿದೆ. "ಅವರಿಗೆ ಹೇಳಬ್ಯಾಡ" ಎಂದಳು. ಹೊರಗೆ ಕೂತಿದ್ದ ಅಪ್ಪನಿಗೆ, ಹೊಟ್ಟೆಯಲ್ಲಿ ಹುಣ್ಣಾಗಿದೆಯಂತೆ ಎಂದೆ.

ವಾಪಸು ಬರುವಾಗ ಅಪ್ಪ ರಿಕ್ಷಾದ ಪರದೆಯಾಚೆ ನೋಡುತ್ತ ಕೂತಿದ್ದರು. ಆಮೇಲೆ ಕೇಳಿದರು: "ಸರ್ರಿಯಲ್ ಅದ, ಅಲ್ಲವ್ವಾ?"

ಯಾವ ಅರ್ಥದಲ್ಲಿ ಕೇಳಿದರು? ಅವರದೋ, ನನ್ನದೋ? ಎರಡಕ್ಕೂ ಉತ್ತರ ಒಂದೇ ಇತ್ತು. "ಹೌದಪ್ಪಾ" ಎಂದೆ. ಅವರು ನನ್ನ ಮೊಣಕೈಯನ್ನು ಮೆಲ್ಲಗೆ ಹಿಡಿದುಕೊಂಡರು. ಆ ವಿಷಯ ಮತ್ತೆಂದೂ ಎತ್ತಲಿಲ್ಲ. ಎಲ್ಲ ತಿಳಿದೇ ಹೋದರೋ, ಹುಣ್ಣೆಂದೇ ನಂಬಿದ್ದರೋ ಎಂದು ಅಮ್ಮ ಈಗಲೂ ಕೇಳುತ್ತಾಳೆ. ನನಗೂ ಗೊತ್ತಿಲ್ಲ.

"ಏನು ಯೋಚನೆ?" ಎಂದಳು ಕ್ಯಾಬಿನಲ್ಲಿ ಪಕ್ಕದಲ್ಲಿದ್ದ ಸಹೋದ್ಯೋಗಿ, ಫೋಟೋ ನನ್ನತ್ತ ಹಿಡಿದು.

ಎಂದಿನಂತೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. "ನಮ್ಮಪ್ಪ ತೀರಿಕೊಂಡ್ರು, ದೀಪಾವಳಿಗೆ ಮುಂಚೆ" ಎಂದೆ. ಆಫೀಸಿನವರಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಅವಳು ಮೊಬೈಲನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು. ಯಾವ ವಿಶೇಷಣವನ್ನೂ ಬಳಸಲಿಲ್ಲ. "ಅಪ್ಪನ ಹೆಸರೇನಿತ್ತು?" ಎಂದು ಕೇಳಿದಳು. ಹೇಳಿದೆ.